ಹೆಣ್ಣಿನ ಕಷ್ಟವನ್ನು ಕತೆ ಮಾಡುವುದು ಹೇಗೆ: ಅವಳನ್ನು ಆರು ಸಲ ಅಳಿಸಿ ನಾನು ಕಲಿತದ್ದು

ನಾನು ಬರೆದ ಮೊದಲ ಕತೆಯಲ್ಲಿ ಒಬ್ಬ ಹೆಂಗಸು ಆರು ಸಲ ಅಳುತ್ತಾಳೆ. ಆಮೇಲೆ ಕೂತು ಎಣಿಸಿದೆ. ಬಚ್ಚಲಲ್ಲಿ ಎರಡು ಸಲ, ಒಲೆ ಮುಂದೆ ಎರಡು ಸಲ, ತವರಿನ ಜಗುಲಿ ಮೇಲೆ ಒಂದು ಸಲ, ಕೊನೆಗೆ ದೇವರ ಮನೆಯಲ್ಲಿ ಒಂದು ಸಲ. ಕತೆ ನಮ್ಮ ಚಿಕ್ಕಮ್ಮನದು. ಶಿಡ್ಲಘಟ್ಟದ ಹತ್ತಿರ ಒಂದು ಹಳ್ಳಿ, ರೇಷ್ಮೆ ಹುಳು ಸಾಕುವ ಮನೆ. ಚಿಕ್ಕಪ್ಪ ಬೋರ್‌ವೆಲ್ ಕೊರೆಸಲು ಅವಳ ಓಲೆ ಅಡ ಇಟ್ಟ ದಿನದ ಬಗ್ಗೆ ಬರೆದಿದ್ದೆ. ಬೋರ್‌ನಲ್ಲಿ ನೀರು ಬರಲಿಲ್ಲ, ಓಲೆಯೂ ಬರಲಿಲ್ಲ.

ಬರೆದದ್ದನ್ನು ಒಂದು ಭಾನುವಾರ ಅವಳಿಗೇ ಓದಿ ಹೇಳಿದೆ. ಅವರೆಕಾಯಿ ಬಿಡಿಸುತ್ತಾ ಪೂರ್ತಿ ಕೇಳಿದಳು. "ಚೆನ್ನಾಗೈತೆ ಕಣಮ್ಮ" ಅಂದಳು. ಸ್ವಲ್ಪ ಹೊತ್ತು ಬಿಟ್ಟು, "ಆದ್ರೆ ನಾನು ಇಷ್ಟೊಂದು ಯಾವಾಗ ಅತ್ತೆ? ಅವತ್ತು ಹುಳ ನಾಲ್ಕನೇ ಜ್ವರ ಎದ್ದಿತ್ತು. ಅಳಾಕೆ ಪುರುಸೊತ್ತೆಲ್ಲಿತ್ತು?" ಅಂತ ಕೇಳಿದಳು.

ಹುಳು ಸಾಕಿದವರಿಗೆ ಈ ಮಾತು ತಕ್ಷಣ ಗೊತ್ತಾಗುತ್ತದೆ. ಜ್ವರ ಅಂದರೆ ಹುಳು ಸೊಪ್ಪು ಬಿಟ್ಟು ಪೊರೆ ಕಳಚುವ ಹೊತ್ತು. ನಾಲ್ಕನೇ ಜ್ವರ ಎದ್ದ ಮೇಲೆ ಹುಳು ಗೂಡು ಕಟ್ಟುವ ತನಕ ಸುಮಾರು ಒಂದು ವಾರ. ತನ್ನ ಇಡೀ ಜೀವನದಲ್ಲಿ ತಿನ್ನುವ ಸೊಪ್ಪಿನಲ್ಲಿ ನೂರಕ್ಕೆ 80 ಪಾಲಿಗಿಂತ ಜಾಸ್ತಿಯನ್ನು ಅದು ಆ ಒಂದೇ ವಾರದಲ್ಲಿ ತಿನ್ನುತ್ತದೆ. ರಾತ್ರಿ ಎದ್ದು ಸೊಪ್ಪು ಹಾಕಬೇಕು. ಮನೆಯಲ್ಲಿ ಯಾರು ಸತ್ತರೂ ಹುಳು ಕಾಯುವುದಿಲ್ಲ. ನಾನು ಅದೇ ಮನೆಯಲ್ಲಿ ಬೇಸಿಗೆ ರಜೆ ಕಳೆದವಳು, ಆ ಸೊಪ್ಪು ತಿನ್ನುವ ಸದ್ದು ಮಳೆ ಬಂದ ಹಾಗೆ ಕೇಳುತ್ತಾ ಮಲಗಿದವಳು, ಆದರೂ ನನ್ನ ಕತೆಯಲ್ಲಿ ಒಂದು ಹುಳುವೂ ಇರಲಿಲ್ಲ. ಬರೀ ಕಣ್ಣೀರು.

ಅವತ್ತಿನಿಂದ ಕಲಿತದ್ದನ್ನು ಇಲ್ಲಿ ಹೇಳುತ್ತಿದ್ದೇನೆ. ಅಮ್ಮನ ಬದುಕನ್ನೋ, ಅಜ್ಜಿಯದನ್ನೋ, ಪಕ್ಕದ ಮನೆಯ ಅಕ್ಕನದನ್ನೋ ಕತೆ ಮಾಡಬೇಕು ಅಂತ ಆಸೆ ಇರುವವರಿಗೆ ಇದು. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಕಡೆಯವರಾದರೆ ಇನ್ನೂ ಸಂತೋಷ.

ಅವಳಿಗೆ ಏನು ಬೇಕಿತ್ತು ಅಂತ ಮೊದಲು ಕೇಳಿ

ಕಷ್ಟದ ಕತೆ ಬರೆಯಲು ಕೂತಾಗ ನಾವು ಕಷ್ಟದಿಂದಲೇ ಶುರು ಮಾಡುತ್ತೇವೆ. ಗಂಡ ಹೊಡೆದ, ಅತ್ತೆ ಬೈದಳು, ವರದಕ್ಷಿಣೆ ಸಾಲದು ಅಂದರು. ಓದುವವರು ಅಯ್ಯೋ ಪಾಪ ಅನ್ನುತ್ತಾರೆ, ಅಲ್ಲಿಗೆ ಮುಗಿಯಿತು. ಆ ಹೆಂಗಸು ಯಾರು ಅಂತ ಕೊನೆಗೂ ಗೊತ್ತಾಗುವುದಿಲ್ಲ. ಹೊಡೆತ ತಿನ್ನುವ ಜಾಗದಲ್ಲಿ ಯಾರನ್ನು ನಿಲ್ಲಿಸಿದರೂ ಕತೆ ಹಾಗೇ ನಡೆಯುತ್ತದೆ.

ಹಾಗಾಗಿ ಹಾಳೆಯ ಮೇಲೆ ಮೊದಲು ಒಂದೇ ಸಾಲು ಬರೆದುಕೊಳ್ಳಿ. ಆ ದಿನ ಅವಳಿಗೆ ಏನು ಬೇಕಿತ್ತು? ಸ್ವಾತಂತ್ರ್ಯ, ಗೌರವ, ಪ್ರೀತಿ ಅಂತೆಲ್ಲ ದೊಡ್ಡ ಮಾತು ಬೇಡ. ಕೈಗೆ ಸಿಗುವಂಥದ್ದು ಬರೆಯಿರಿ. ಬಾಗೇಪಲ್ಲಿಯಲ್ಲಿ ಗೆಳತಿಯ ಮಗಳ ಮದುವೆ ಇದೆ, ಹಿಂದಿನ ರಾತ್ರಿಯೇ ಹೋಗಿ ಉಳಿಯಬೇಕು. ಮುದ್ದೆ ಬಿಸಿ ಇರುವಾಗಲೇ ಒಂದು ದಿನ ಎಲ್ಲರ ಜೊತೆ ಕೂತು ಉಣ್ಣಬೇಕು. ಹಾಲಿನ ಡೈರಿ ಬಟವಾಡೆಯಲ್ಲಿ ಐನೂರು ರೂಪಾಯಿ ತೆಗೆದಿಟ್ಟುಕೊಂಡು ಕನ್ನಡಕ ಮಾಡಿಸಬೇಕು.

ಈಗ ಅದಕ್ಕೆ ಏನು ಅಡ್ಡ ಬಂತು ನೋಡಿ. ನಮ್ಮ ಮನೆಗಳಲ್ಲಿ ಬೇಡ ಅಂತ ನೇರವಾಗಿ ಹೇಳುವವರು ಕಮ್ಮಿ. "ಹೋಗು, ಯಾರು ಬೇಡ ಅಂದ್ರು? ಸಂಜೆ ಹಸು ಕರೆಯೋರ್ಯಾರು, ಅದೊಂದು ಹೇಳ್ಬಿಟ್ಟು ಹೋಗು" ಅನ್ನುತ್ತಾರೆ. ಅವಳು ಹೋಗುವುದಿಲ್ಲ. ಕತೆ ಇರುವುದು ಈ ಎರಡು ಮಾತಿನ ನಡುವೆ.

ಚಿಕ್ಕಮ್ಮನನ್ನೂ ಕೇಳಿದೆ, ಅವತ್ತು ನಿನಗೆ ಏನು ಅನ್ನಿಸಿತು ಅಂತ. ಓಲೆ ಹೋಯಿತಲ್ಲ ಅಂತ ಸಂಕಟವಾಗಿರಬೇಕು ಅಂದುಕೊಂಡಿದ್ದೆ. ಅವಳು ಹೇಳಿದ್ದು ಬೇರೆ. "ಪೆಟ್ಟಿಗೆ ಬೀಗದ ಕೈ ನನ್ನ ಸೊಂಟದಾಗೇ ಇತ್ತು. ಬೀಗ ಒಡೆದಿರಲಿಲ್ಲ. ಅದಕ್ಕೆ ಇನ್ನೊಂದು ಕೈ ಐತೆ ಅಂತ ನಂಗೆ ಅವತ್ತೇ ಗೊತ್ತಾಗಿದ್ದು." ಮದುವೆಯಾಗಿ ಹನ್ನೊಂದು ವರ್ಷವಾಗಿತ್ತು ಆಗ. ನಾನು ಆರು ಅಳು ಬರೆದರೂ ಆ ಎರಡನೇ ಬೀಗದ ಕೈ ಹತ್ತಿರ ಹೋಗಲು ಆಗಿರಲಿಲ್ಲ.

ಮನೆಯಲ್ಲಿ ರಾಕ್ಷಸರನ್ನು ಹುಡುಕಬೇಡಿ

ಕೆಟ್ಟ ಅತ್ತೆ, ಕುಡುಕ ಗಂಡ, ಚಾಡಿ ಹೇಳುವ ನಾದಿನಿ. ಇವರೆಲ್ಲ ಇದ್ದಾರೆ, ಇಲ್ಲ ಅನ್ನುತ್ತಿಲ್ಲ. ಆದರೆ ಎಲ್ಲ ತಪ್ಪನ್ನೂ ಒಬ್ಬರ ತಲೆ ಮೇಲೆ ಹೊರಿಸಿದರೆ ಓದುವವರು ತಮ್ಮ ಮನೆ ಹಾಗಿಲ್ಲವಲ್ಲ ಅಂತ ನೆಮ್ಮದಿಯಾಗಿ ಮಲಗುತ್ತಾರೆ. ಅದು ಆಗಬಾರದು.

ತ್ರಿವೇಣಿಯವರ ಶರಪಂಜರ ಓದಿ, ಅಥವಾ 1971ರಲ್ಲಿ ಪುಟ್ಟಣ್ಣ ಕಣಗಾಲ್ ಅದನ್ನು ಸಿನಿಮಾ ಮಾಡಿದ್ದನ್ನಾದರೂ ನೋಡಿ. ಕತೆಯ ನಾಯಕಿ ಕಾವೇರಿ, ಮಾನಸಿಕ ಆಸ್ಪತ್ರೆಯಿಂದ ಗುಣವಾಗಿ ಮನೆಗೆ ಬರುತ್ತಾಳೆ. ಆಮೇಲೆ ಅವಳು ಏನು ಮಾಡಿದರೂ ಸುತ್ತಲಿನವರಿಗೆ ಅದು ಹುಚ್ಚಿನ ಗುರುತಾಗಿಯೇ ಕಾಣುತ್ತದೆ. ಜೋರಾಗಿ ನಕ್ಕರೂ ಕಷ್ಟ, ಸುಮ್ನೆ ಕೂತರೂ ಕಷ್ಟ. ಆ ನೋಟಗಳೇ ಅವಳನ್ನು ಮತ್ತೆ ಮುರಿಯುತ್ತವೆ.

ಬಾನು ಮುಷ್ತಾಕ್ ಅವರ ಕತೆಗಳಿಗೆ 2025ರಲ್ಲಿ ಇಂಟರ್‌ನ್ಯಾಷನಲ್ ಬೂಕರ್ ಬಂತಲ್ಲ, ಅದರಲ್ಲಿ ಎದೆಯ ಹಣತೆ ಅನ್ನುವ ಕತೆ ಇದೆ. ಗಂಡ ಕೈಬಿಟ್ಟ ಹೆಂಗಸು ತವರಿಗೆ ಬರುತ್ತಾಳೆ. ತವರಿನವರೇ ಅವಳನ್ನು ವಾಪಸ್ ಕರೆದುಕೊಂಡು ಹೋಗಿ ಬಿಡುತ್ತಾರೆ. ಅದನ್ನು ಓದುವಾಗ ನನಗೆ ಗಂಡನ ಮೇಲೆ ಬಂದ ಸಿಟ್ಟಿಗಿಂತ ತವರಿನವರ ಮುಂದೆ ಅವಳು ನಿಂತ ರೀತಿಗೆ ಹೊಟ್ಟೆ ಕಿವುಚಿತು. ಯಾಕೆಂದರೆ ಆ ತವರಿನವರಂಥವರು ನನಗೆ ಗೊತ್ತು. ಅವರು ಒಳ್ಳೆಯವರು. ಹಬ್ಬಕ್ಕೆ ಕರೆಯುತ್ತಾರೆ, ಬಾಣಂತನ ಮಾಡುತ್ತಾರೆ. "ಕೊಟ್ಟ ಹೆಣ್ಣು ಕುಲಕ್ಕೆ ಹೊರಗೆ" ಅನ್ನುವ ಗಾದೆಯನ್ನು ನಗುನಗುತ್ತಾ ಹೇಳುತ್ತಾರೆ.

ಅತ್ತೆಯ ಪಾತ್ರ ಬರೆಯುವಾಗ ಒಂದು ಕೆಲಸ ಮಾಡಿ. ಅವಳು ಸೊಸೆಯಾಗಿ ಬಂದ ವರ್ಷದ ಒಂದು ದಿನವನ್ನು ಬೇರೆ ಹಾಳೆಯಲ್ಲಿ ಬರೆದುಕೊಳ್ಳಿ. ಕತೆಯಲ್ಲಿ ಹಾಕಬೇಕಿಲ್ಲ. ಆಮೇಲೆ ಅವಳ ಬಾಯಿಂದ ಬರುವ ಮಾತು ತಾನಾಗಿಯೇ ಬೇರೆ ಆಗುತ್ತದೆ.

ಕೆಲಸ ಬರೆಯಿರಿ, ದುಡ್ಡು ಯಾರ ಖಾತೆಗೆ ಬೀಳುತ್ತದೆ ಬರೆಯಿರಿ

ನಮ್ಮ ಕಡೆಯ ಕತೆಗೆ ಇದು ಬಹಳ ಮುಖ್ಯ. ಹೆಂಗಸು ಏನು ಕೆಲಸ ಮಾಡುತ್ತಾಳೆ ಅನ್ನುವುದನ್ನು "ಮನೆಗೆಲಸ" ಅನ್ನುವ ಒಂದು ಪದದಲ್ಲಿ ಮುಗಿಸಬೇಡಿ. ಬೆಳಗ್ಗೆ ನಾಲ್ಕೂವರೆಗೆ ಕಸ ತೆಗೆದು, ಹಾಲು ಕರೆದು ಡೈರಿಗೆ ಹಾಕಿ, ತೋಟಕ್ಕೆ ಹೋಗಿ ಹಿಪ್ಪುನೇರಳೆ ಸೊಪ್ಪು ಕಿತ್ತು, ಹೊರೆ ಹೊತ್ತು ತಂದು, ಹುಳುವಿಗೆ ಹಾಕಿ, ಆಮೇಲೆ ಮಕ್ಕಳ ತಲೆ ಬಾಚಿ ಸ್ಕೂಲಿಗೆ ಕಳಿಸಿ, ತಂಗಳು ಸಾರಿನಲ್ಲಿ ಎರಡು ತುತ್ತು ಉಂಡು ಮತ್ತೆ ತೋಟಕ್ಕೆ ಹೋಗುವವಳ ದಿನವನ್ನು ಒಮ್ಮೆ ಗಂಟೆ ಲೆಕ್ಕದಲ್ಲಿ ಬರೆದು ನೋಡಿ. ಕೆಲವು ಮನೆಗಳಲ್ಲಿ ಮುಟ್ಟಾದ ದಿನ ಅವಳು ಹುಳು ಮನೆಯೊಳಗೆ ಕಾಲಿಡುವಂತಿಲ್ಲ, ಹುಳು ಕೆಡುತ್ತದೆ ಅನ್ನುತ್ತಾರೆ. ತೋಟದಲ್ಲಿ ಸೊಪ್ಪು ಕೀಳುವುದಕ್ಕೆ ಮಾತ್ರ ಅದು ಅಡ್ಡ ಬರುವುದಿಲ್ಲ. ಈ ಒಂದು ಸಂಗತಿಯನ್ನು ಹೇಗಿದೆಯೋ ಹಾಗೆ ಬರೆದರೆ ಸಾಕು, ನೀವು ಪಕ್ಕದಲ್ಲಿ ನಿಂತು ವಿವರಿಸಬೇಕಿಲ್ಲ.

ಗೂಡು ಮಾರುಕಟ್ಟೆಗೆ ಹೋಯಿತು. ದುಡ್ಡು ಬಂತು. ಯಾರ ಹೆಸರಿನ ಖಾತೆಗೆ? ಸಂಘದ ಸಾಲ ಅವಳ ಹೆಸರಿನಲ್ಲಿದೆ, ವಾರದ ಕಂತು ಕಟ್ಟದಿದ್ದರೆ ಮನೆ ಬಾಗಿಲಿಗೆ ಬಂದು ನಿಲ್ಲುವವರು ಅವಳನ್ನೇ ಕೇಳುತ್ತಾರೆ. ಆ ಸಾಲದಲ್ಲಿ ಬಂದ ಬೈಕು ಯಾರದು? ಸಾಲ ವಸೂಲಿಯವರ ಕಾಟ ತಡೆಯಲು 2025ರಲ್ಲಿ ಸರ್ಕಾರ ಸುಗ್ರೀವಾಜ್ಞೆ ತರಬೇಕಾಯಿತು, ಅಷ್ಟು ಮಟ್ಟಿಗೆ ಇದು ಮನೆ ಮನೆಯ ಮಾತು. ಗೃಹಲಕ್ಷ್ಮಿಯ 2000 ರೂಪಾಯಿ ತೆಗೆದುಕೊಳ್ಳಿ. ಅದು ಮನೆಯ ಯಜಮಾನಿಗೆ ಬರುತ್ತದೆ. ಅತ್ತೆ ಸೊಸೆ ಒಂದೇ ಕಾರ್ಡಿನಲ್ಲಿದ್ದರೆ ಯಜಮಾನಿ ಯಾರು? "ಅತ್ತೆಗೊಂದು ಕಾಲ ಸೊಸೆಗೊಂದು ಕಾಲ" ಅನ್ನುವುದು ಈಗ ರೇಷನ್ ಕಾರ್ಡಿನ ಮೊದಲ ಸಾಲಿಗೆ ಬಂದು ಕೂತಿದೆ.

ಕತೆ ಯಾವ ವರ್ಷದ್ದು?

ಇದನ್ನು ಬಹಳ ಜನ ಬಿಡುತ್ತಾರೆ. ಊರ ಹೆಸರೂ ಇಲ್ಲದೆ, ವರ್ಷವೂ ಇಲ್ಲದೆ, "ಅಂದಿನ ಕಾಲದಲ್ಲಿ" ಅಂತ ಶುರು ಮಾಡಿಬಿಡುತ್ತಾರೆ. ಆದರೆ ಅವಳ ಕಷ್ಟ ಯಾವ ರೂಪದಲ್ಲಿ ಬರುತ್ತದೆ ಅನ್ನುವುದು ವರ್ಷದ ಮೇಲೆ ನಿಂತಿದೆ.

ಆಸ್ತಿಯ ವಿಷಯವನ್ನೇ ನೋಡಿ. 1994ರಲ್ಲಿ ಕರ್ನಾಟಕ ಹಿಂದೂ ಉತ್ತರಾಧಿಕಾರ ಕಾಯ್ದೆಗೆ ತಿದ್ದುಪಡಿ ತಂದು ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತದಲ್ಲಿ ಗಂಡುಮಕ್ಕಳಷ್ಟೇ ಪಾಲು ಅಂದಿತು, ಆದರೆ ಅಷ್ಟರೊಳಗೆ ಮದುವೆಯಾಗಿದ್ದವರಿಗೆ ಅದು ಸಿಗಲಿಲ್ಲ. 2005ರ ಕೇಂದ್ರದ ತಿದ್ದುಪಡಿ ಆ ಅಡ್ಡಿ ತೆಗೆಯಿತು. ಅಪ್ಪ 2005ಕ್ಕೆ ಮೊದಲೇ ತೀರಿಹೋಗಿದ್ದರೂ ಮಗಳಿಗೆ ಹಕ್ಕಿದೆ ಅಂತ ಸುಪ್ರೀಂ ಕೋರ್ಟ್ ಹೇಳಿದ್ದು 2020ರಲ್ಲಿ. ಇನ್ನೊಂದು ಕಡೆ, 2008ರಲ್ಲಿ ದೇವನಹಳ್ಳಿ ಏರ್‌ಪೋರ್ಟ್ ಶುರುವಾದ ಮೇಲೆ ನಮ್ಮ ಕಡೆ ಜಮೀನಿನ ಬೆಲೆ ಏರಿದ್ದು ನೀವೇ ಕಂಡಿದ್ದೀರಿ. ಈ ಎರಡನ್ನೂ ಪಕ್ಕಪಕ್ಕ ಇಡಿ. ಮೊದಲು ಯಾರೂ ಕೇಳದಿದ್ದ ಅಕ್ಕತಂಗಿಯರ ಸಹಿ ಈಗ ಬೇಕಾಯಿತು. ಕಾನೂನು ಅವಳಿಗೆ ಪಾಲು ಕೊಟ್ಟಿತು, ಅದಕ್ಕೇ ಅವಳಿಂದ ಹಕ್ಕು ಬಿಡುಗಡೆ ಪತ್ರ ಬರೆಸಿಕೊಳ್ಳುವ ದಿನವೂ ಬಂತು. 1980ರ ತಂಗಿಯ ಬದುಕಿನಲ್ಲಿ ಇಂಥ ದಿನ ಬರುವುದೇ ಕಷ್ಟ. ಇವತ್ತಿನ ತಂಗಿಯ ಬದುಕಿನಲ್ಲಿ ಅದೇ ದೊಡ್ಡ ದಿನ.

ಹೀಗೊಂದು ಕತೆ ಬರೆಯಲು ಪ್ರಯತ್ನ ಮಾಡಿದೆ. ನಾರಾಯಣಮ್ಮ ಅಂತ ಹೆಸರಿಟ್ಟೆ, ಫಿಲೇಚರ್‌ನಲ್ಲಿ, ಅಂದರೆ ರೇಷ್ಮೆ ನೂಲು ತೆಗೆಯುವ ಕಾರ್ಖಾನೆಯಲ್ಲಿ, ಗೂಡಿನಿಂದ ನೂಲು ಬಿಚ್ಚುವ ಕೆಲಸ. ಅವಳಿಗೆ ಬೇಕಾದದ್ದು ಹಿತ್ತಲ ಕಡೆ ಎರಡು ಗುಂಟೆ, ಮುಂದೆ ಏನಾದರೂ ಆದರೆ ಒಂದು ರೂಮು ಹಾಕಿಕೊಳ್ಳೋಣ ಅಂತ. ಅದನ್ನು ಅಣ್ಣನಿಗೆ ಹೇಳಬೇಕು. ಬಸ್ಸಿನಲ್ಲಿ ಶೂನ್ಯ ದರದ ಟಿಕೆಟ್ ಕೈಯಲ್ಲಿ ಹಿಡಿದು ಆ ಒಂದು ಮಾತನ್ನು ತಾಲ್ಲೂಕು ಬರುವ ತನಕ ಮನಸ್ಸಿನಲ್ಲೇ ತಿರುತಿರುಗಿ ಹೇಳಿಕೊಳ್ಳುತ್ತಾಳೆ. ಅಣ್ಣ ಮೊದಲು ಹೋಟೆಲಿಗೆ ಕರೆದುಕೊಂಡು ಹೋಗಿ ಮಸಾಲೆ ದೋಸೆ ಕೊಡಿಸುತ್ತಾನೆ. ಅಲ್ಲಿ ಹೇಳಲು ಆಗುವುದಿಲ್ಲ. ಆಮೇಲೆ ಸಬ್ ರಿಜಿಸ್ಟ್ರಾರ್ ಆಫೀಸು. ಆ ಭಾಗ ಹೀಗಿದೆ:

"ಮೆಷಿನ್ನು ನಾರಾಯಣಮ್ಮನ ಹೆಬ್ಬೆಟ್ಟು ಹಿಡಿಯಲಿಲ್ಲ. 'ಇನ್ನೊಂದ್ಸಲ ಇಡಮ್ಮ' ಅಂದ ಹುಡುಗ. ಇಟ್ಟಳು. ಬರಲಿಲ್ಲ. ಹತ್ತೊಂಬತ್ತು ವರ್ಷ ಬಿಸಿನೀರಿನಲ್ಲಿ ಗೂಡು ತಡಕಿದ ಬೆರಳು, ಗೆರೆಯೆಲ್ಲ ಸವೆದಿತ್ತು. ಅಣ್ಣ ಹೊರಗೆ ಹೋಗಿ ನೀರಿನ ಬಾಟಲಿ ತಂದ. ಅವಳ ಕೈ ಹಿಡಿದು ಒಂದೊಂದೇ ಬೆರಳಿಗೆ ನೀರು ಹಾಕಿ ತನ್ನ ಟವಲಿನಲ್ಲಿ ಒರೆಸಿದ. ಚಿಕ್ಕವಳಿದ್ದಾಗ ಜಾತ್ರೆಯಲ್ಲಿ ಕಳೆದುಹೋದಾಳು ಅಂತ ಕೈ ಹಿಡಿದಿದ್ದ, ಆಮೇಲೆ ಇವತ್ತೇ. ಮೂರನೇ ಸಲಕ್ಕೆ ಬಂತು. 'ಆಯ್ತು, ಏಳಮ್ಮ' ಅಂದ ಹುಡುಗ."

ಅಣ್ಣ ಇಲ್ಲಿ ನಾಟಕ ಆಡುತ್ತಿಲ್ಲ. ಆ ಪ್ರೀತಿ ನಿಜ. ಪಾಲು ಹೋದದ್ದೂ ನಿಜ. ಎರಡೂ ಒಂದೇ ಟವಲಿನಲ್ಲಿ ಇರಬೇಕು ಅಂತ ನಾನು ನಾಲ್ಕೈದು ಸಲ ತಿದ್ದಿದೆ. ಮೊದಲ ಸಲ ಬರೆದಾಗ ಅಣ್ಣ ಅವಳ ಕೈಯನ್ನು ಒತ್ತಿ ಹಿಡಿದು ಬಲವಂತ ಮಾಡುತ್ತಿದ್ದ. ಅದು ಸುಲಭ, ಸುಳ್ಳು ಕೂಡ. ನಮ್ಮ ಕಡೆ ಹೆಚ್ಚಿನ ಸಹಿಗಳು ಅರಿಶಿನ ಕುಂಕುಮ, ಸೀರೆ, ಊಟದ ಜೊತೆ ನಡೆಯುತ್ತವೆ. ಅದಕ್ಕೇ ಅವಳು ಬೇಡ ಅನ್ನುವುದು ಅಷ್ಟು ಕಷ್ಟ.

ಬಸ್ ಟಿಕೆಟ್ ಹಾಕಿದ್ದಕ್ಕೂ ಕಾರಣ ಇದೆ. 2023ರ ಜೂನ್ 11ರಿಂದ ರಾಜ್ಯದಲ್ಲಿ ಹೆಂಗಸರಿಗೆ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಟಿಕೆಟ್ ದುಡ್ಡಿಲ್ಲ. ಬಸ್ ಚಾರ್ಜ್ ಕೊಡಿ ಅಂತ ಗಂಡನನ್ನು ಕೇಳಬೇಕಾದ ಕಾಲದ ಕತೆಗೂ ಇದಕ್ಕೂ ವ್ಯತ್ಯಾಸ ಇದೆ. ಹೋಗಲು ದಾರಿ ತೆರೆಯಿತು, ಹೋದಲ್ಲಿ ಬಾಯಿ ತೆರೆಯಲು ಆಗಲಿಲ್ಲ.

ತಾಳ್ಮೆಯನ್ನು ಹೊಗಳಬೇಡಿ

ಇದು ನಾನು ಬಹಳ ಗಟ್ಟಿಯಾಗಿ ಹೇಳುವ ಮಾತು. "ಭೂಮಿತಾಯಿಯಂಥ ತಾಳ್ಮೆ", "ಎಲ್ಲವನ್ನೂ ನುಂಗಿಕೊಂಡ ತ್ಯಾಗಮಯಿ" ಅಂತ ಕತೆಗಾರರು ಬರೆದಾಗ ಅದು ಗೌರವದ ಹಾಗೆ ಕಾಣುತ್ತದೆ. ಆದರೆ ಮನೆಯವರು ಅವಳನ್ನು ಸುಮ್ಮನಿರಿಸಲು ಬಳಸಿದ್ದೂ ಇದೇ ಮಾತು ಅಲ್ವಾ? ನಾವು ಅದನ್ನೇ ಕತೆಯಲ್ಲೂ ಹೇಳಿದರೆ ಅವರ ಸಾಲಿನಲ್ಲಿ ಹೋಗಿ ಕೂತ ಹಾಗೆ.

ಎಂ.ಕೆ. ಇಂದಿರಾ ಅವರ ಫಣಿಯಮ್ಮ, 1976ರಲ್ಲಿ ಬಂದ ಕಾದಂಬರಿ, ಬಾಲವಿಧವೆಯ ಬದುಕು. ಅವಳು ಇಡೀ ಜನ್ಮ ಮಡಿ, ಒಪ್ಪೊತ್ತು, ಬೋಳುತಲೆ ಎಲ್ಲ ಸಹಿಸುತ್ತಾಳೆ. ಇಷ್ಟೇ ಆಗಿದ್ದರೆ ಅದು ತಾಳ್ಮೆಯ ಕತೆ. ಆದರೆ ಮುಂದೆ ಇನ್ನೊಬ್ಬ ಹುಡುಗಿ ವಿಧವೆಯಾಗಿ ತಲೆ ಬೋಳಿಸಿಕೊಳ್ಳುವುದಿಲ್ಲ ಅಂತ ಹಟ ಹಿಡಿದಾಗ ಫಣಿಯಮ್ಮ ಆ ಹುಡುಗಿಯ ಪರ ನಿಲ್ಲುತ್ತಾಳೆ. ಅಲ್ಲಿಯವರೆಗೆ ಅವಳು ಸುಮ್ಮನಿದ್ದದ್ದು ಒಪ್ಪಿದ್ದರಿಂದ ಅಲ್ಲ ಅನ್ನುವುದು ಆಗ ಗೊತ್ತಾಗುತ್ತದೆ. ನಿಮ್ಮ ಪಾತ್ರಕ್ಕೂ ಹೀಗೆ ಒಂದು ಜಾಗ ಬೇಕು, ಅವಳ ಲೆಕ್ಕ ಹೊರಗೆ ಕಾಣುವ ಜಾಗ. ಅದು ದೊಡ್ಡ ಬಂಡಾಯ ಆಗಬೇಕಿಲ್ಲ. ಮಗಳ ಕಾಲೇಜು ಫೀಸಿಗೆ ಅಂತ ಅಕ್ಕಿ ಡಬ್ಬಿಯಲ್ಲಿ ಇಟ್ಟ ದುಡ್ಡೂ ಆಗಬಹುದು.

ಹಾಗೇ ಇನ್ನೊಂದು. ಕತೆ ಮುಗಿಸಲು ದಾರಿ ಕಾಣದಾಗ ಅವಳನ್ನು ಬಾವಿಗೆ ತಳ್ಳಬೇಡಿ. ನಮ್ಮ ಎಷ್ಟೋ ಕತೆಗಳು ಹಾಗೆ ಮುಗಿದಿವೆ, ಸಾವನ್ನು ಬಿಡುಗಡೆಯ ಹಾಗೆ, ಚೆಂದದ ಮಾತಿನಲ್ಲಿ ಬರೆದು. ಓದುವವರಲ್ಲಿ ಅದೇ ಬಾವಿ ಕಟ್ಟೆಯ ಮೇಲೆ ಕೂತವಳು ಒಬ್ಬಳಿರಬಹುದು. ಬೆಳಗ್ಗೆ ಎದ್ದು ಮತ್ತೆ ಅದೇ ಒಲೆ ಹಚ್ಚುವುದನ್ನು ಬರೆಯುವುದು ಇನ್ನೂ ಕಷ್ಟ. ಅದನ್ನು ಬರೆಯಿರಿ.

ಮಾತಿನ ಬಗ್ಗೆ ಸ್ವಲ್ಪ

ನಮ್ಮ ಕಡೆ ಕನ್ನಡದಲ್ಲಿ ತೆಲುಗು ಸೇರಿಕೊಂಡಿದೆ, ಒಂದೇ ಮನೆಯಲ್ಲಿ ಅತ್ತೆ ತೆಲುಗು ಆಡುತ್ತಾಳೆ, ಮೊಮ್ಮಕ್ಕಳು ಕನ್ನಡ ಆಡುತ್ತಾರೆ. ಅದನ್ನು ಪುಸ್ತಕದ ಕನ್ನಡ ಮಾಡಬೇಡಿ. ಚುಚ್ಚುವ ಮಾತು ಯಾವಾಗಲೂ ಗಟ್ಟಿ ದನಿಯಲ್ಲಿ ಇರುವುದಿಲ್ಲ ಅನ್ನುವುದೂ ನೆನಪಿರಲಿ. "ನಿಂಗೇನು ಕಮ್ಮಿ ಮಾಡಿದ್ದೀವಿ?" "ನಾಲ್ಕು ಜನ ಏನಂತಾರೆ?" "ನಾವೆಲ್ಲ ಮಾಡ್ಲಿಲ್ವಾ?" ಈ ಮೂರು ಪ್ರಶ್ನೆಗಳಿಗೆ ಉತ್ತರ ಕೊಟ್ಟ ಸೊಸೆಯನ್ನು ನಾನು ನೋಡಿಲ್ಲ.

ನಿಜವಾದವರ ಕತೆ ಬರೆಯುವಾಗ

ಕೇಳಿ ಬರೆಯಿರಿ. ಊರು, ಕೆಲಸ, ಮಕ್ಕಳ ಸಂಖ್ಯೆ ಬದಲಾಯಿಸಿ. ಹತ್ತು ಮನೆ ಇರುವ ಬೀದಿಯಲ್ಲಿ ಯಾರ ಕತೆ ಅಂತ ಒಂದೇ ದಿನಕ್ಕೆ ಗೊತ್ತಾಗುತ್ತದೆ, ಅದರ ಬೆಲೆ ಕಟ್ಟುವವಳು ಅವಳು. ಈಗಲೂ ಹೊಡೆತ ತಿನ್ನುತ್ತಿರುವವಳು ನಿಮ್ಮ ಹತ್ತಿರ ಹೇಳಿಕೊಂಡರೆ ಪೆನ್ನು ಕೆಳಗಿಡಿ. 181 ಮಹಿಳಾ ಸಹಾಯವಾಣಿ ಇದೆ, 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯಲ್ಲಿ ಗಂಡನ ಮನೆಯಲ್ಲೇ ಉಳಿಯುವ ಹಕ್ಕು ಅವಳಿಗಿದೆ. ಇದನ್ನು ಹೇಳಿ, ಜೊತೆಯಲ್ಲಿ ಹೋಗಿ. ಕತೆ ಆಮೇಲೆ ಬರೆಯಬಹುದು, ಬರೆಯದೆಯೂ ಇರಬಹುದು.

ಮುಗಿದ ಮೇಲೆ, ಆ ಕೆಲಸ ಗೊತ್ತಿರುವ ಒಬ್ಬ ಹೆಂಗಸಿಗೆ ಗಟ್ಟಿಯಾಗಿ ಓದಿ ಹೇಳಿ. ಅವರು ಹೊಗಳುವಾಗ ಗಮನ ಕೊಡಬೇಡಿ, ಎಲ್ಲಿ ಕೈ ನಿಲ್ಲಿಸುತ್ತಾರೆ ನೋಡಿ.

ನಾರಾಯಣಮ್ಮನ ಕತೆಯನ್ನೂ ಚಿಕ್ಕಮ್ಮನಿಗೆ ಓದಿದೆ. ಈ ಸಲ ಅವಳು ಅಕ್ಕಿ ಆರಿಸುತ್ತಿದ್ದಳು. ಟವಲಿನ ಜಾಗ ಬಂದಾಗ ಮೊರದ ಮೇಲೆ ಕೈ ನಿಂತಿತು. ಕೊನೆಯವರೆಗೂ ಮತ್ತೆ ಆಡಲಿಲ್ಲ. ಓದಿ ಮುಗಿಸಿದೆ.

"ಸೀರೆ ಕೊಟ್ರು ಅಂತ ಬರ್ದಿದ್ದೀಯ, ಯಾವ ಬಣ್ಣ ಅಂತ ಬರೀಲೇ ಇಲ್ಲವಲ್ಲ" ಅಂದಳು.

ಯಾವ ಬಣ್ಣ ಬರೆಯಲಿ ಅಂತ ಕೇಳಿದೆ.

"ನಂದು ಬದನೆಕಾಯಿ ಬಣ್ಣ. ಅಂಚು ಹಳದಿ. ಪೆಟ್ಟಿಗೆಯಾಗೇ ಐತೆ, ಇನ್ನೂ ಮಡಿಕೆ ಬಿಚ್ಚಿಲ್ಲ."

ಅವಳೂ ಸಹಿ ಹಾಕಿದ್ದಾಳೆ ಅಂತ ನನಗೆ ಗೊತ್ತಿರಲಿಲ್ಲ. ಆ ಸಹಿ ಮಾಡಿಸಿಕೊಂಡವರಲ್ಲಿ ನಮ್ಮ ಮಾವನೂ ಇದ್ದ, ಪ್ರತಿ ಯುಗಾದಿಗೂ ನನಗೆ ಬಟ್ಟೆ ತರುತ್ತಿದ್ದ ಮಾವ. ಬರೆಯಬಹುದಾ ಅಂತ ಕೇಳಿದೆ. ಮೊರ ಎತ್ತಿ ಒಂದು ಸಲ ಕೇರಿದಳು. "ಬಣ್ಣ ಬರ್ಕೊ" ಅಂದಳು.